ನಿಮಗಿದು ಗೊತ್ತೆ? ಕಣ್ಣಿನ ಹನಿಗೂ ಬಿಸಿಲು ತಾಗುತ್ತದೆ!

ಕಣ್ಣಿನ ಪೊರೆ ತೆಗೆಸಿಕೊಂಡರೆ ಮಂಜಾದ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಆದರೆ ದೃಷ್ಟಿ ಕಸಿಯುವ ಕಣ್ಣಿನ ರೋಗ ಗ್ಲಾಕೋಮಾದಲ್ಲಿ ಹೋದದ್ದು ಹೋದದ್ದೇ. ಕಣ್ಣೊಳಗಿನ ಒತ್ತಡ ಇಳಿಸಿ, ಉಳಿದ ದೃಷ್ಟಿಯನ್ನು ಕಾಯುವುದಷ್ಟೇ ಚಿಕಿತ್ಸೆಯ ಕೆಲಸ.

ಹೆಚ್ಚಿನವರಿಗೆ ಮೊದಲು ಬರೆದುಕೊಡುವುದು ಹನಿ. ಲ್ಯಾಟನೊಪ್ರಾಸ್ಟ್ ಆದರೆ ದಿನಕ್ಕೊಮ್ಮೆ, ರಾತ್ರಿ. ಇದರ ಹಲವು ಬ್ರಾಂಡ್‌ಗಳ ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಔಷಧಿ ಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೊರಟವರು ಅಂಗಡಿಯಲ್ಲೇ ಐಸ್ ಪ್ಯಾಕ್ ಕೇಳಿ ಪಡೆಯಲಿ. ಕಮಲಾಪುರದ ಕೆಂಪು ಬಾಳೆಹಣ್ಣು ಚೀಲದ ಸೆಕೆ ತಡೆದೀತು, ಈ ಹನಿ ತಡೆಯದು! ಹಾಗೆಂದು ಫ್ರೀಜರ್‌ಗೂ ಹಾಕಬಾರದು. ಲೇಬಲ್ ಓದಿಸಿಕೊಳ್ಳಿ.

ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಔಷಧಿ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಹನಿಯಿದ್ದರೆ ನಡುವೆ ಐದು ನಿಮಿಷ ಬಿಡಿ. ಟಿಮೊಲಾಲ್ ಆಸ್ತಮಾ ಇರುವವರಿಗೆ ಅಪಾಯಕಾರಿ, ಆದ್ದರಿಂದ ದಮ್ಮಿನ ತೊಂದರೆಯನ್ನು ಕಣ್ಣಿನ ವೈದ್ಯರಿಗೂ ಹೇಳಲೇಬೇಕು.

ಒತ್ತಡ ಇಳಿಸುವ ಲೇಸರ್ ಕೊನೆಯ ಅಸ್ತ್ರವೇನಲ್ಲ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲೇ ಲೇಸರ್ ಪಡೆದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರಿಗೆ ಮೂರು ವರ್ಷದ ನಂತರವೂ ಹನಿ ಬೇಕಾಗಿರಲಿಲ್ಲ. ಎರಡಕ್ಕೂ ಒತ್ತಡ ಬಗ್ಗದಿದ್ದರೆ ಟ್ರಾಬೆಕ್ಯುಲೆಕ್ಟಮಿ: ಕಣ್ಣೊಳಗಿನ ದ್ರವ ಹರಿದುಹೋಗಲು ಹೊಸ ಕಾಲುವೆ ತೆಗೆಯುವ, 1968ರಿಂದ ಬಳಕೆಯಲ್ಲಿರುವ ಶಸ್ತ್ರಚಿಕಿತ್ಸೆ.

ನೋವಿಲ್ಲವೆಂದು ಹನಿ ಹಾಕುವುದನ್ನು ನಿಲ್ಲಿಸುವವರೇ ದೃಷ್ಟಿಯನ್ನು ಹೆಚ್ಚು ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಒಡಹುಟ್ಟಿದವರು, ಮಕ್ಕಳು ಕೂಡ ಕಲಬುರಗಿಯ ಜಿಮ್ಸ್‌ನಂಥ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು.