ಕೇಳಿದ್ದು ವಯಸ್ಸು, ಹೋದದ್ದು ವಿಳಾಸ

ಅಮೆರಿಕದಲ್ಲಿ ಬಿಯರ್ ಕೊಳ್ಳಲು ಹೋದರೆ ಕೌಂಟರಿನಲ್ಲಿರುವವರು ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡು, ತಿರುಗಿಸಿ, ಹಿಂಬದಿಯ ಬಾರ್‌ಕೋಡ್‌ಗೆ ಸ್ಕ್ಯಾನರ್ ಹಿಡಿಯುವುದು ಮಾಮೂಲು. ಆ ಒಂದು ‘ಬೀಪ್’ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ನಿಜವೆಷ್ಟು?

ನಂಬಿಕೆ: ಸ್ಕ್ಯಾನ್ ಮಾಡಲೇಬೇಕೆಂದು ಕಾನೂನೇ ಹೇಳುತ್ತದೆ.

ಸತ್ಯ: ಹೆಚ್ಚಿನ ರಾಜ್ಯಗಳಲ್ಲಿ ಹಾಗಿಲ್ಲ. 21 ತುಂಬದವರಿಗೆ ಮದ್ಯ ಮಾರಬಾರದು ಎಂಬುದು ಕಾನೂನು. ಕಾರ್ಡನ್ನು ಕಣ್ಣಿನಿಂದ ನೋಡಿ ತಿಳಿದರೂ ಸಾಕು. ಸ್ಕ್ಯಾನರ್ ಬಹುಮಟ್ಟಿಗೆ ಅಂಗಡಿಯ ರಕ್ಷಣೆಗೆ. ನಕಲಿ ಕಾರ್ಡಿಗೆ ಮೋಸಹೋಗಿ ಮಾರಿದವರ ಮೇಲೆ ಟೆಕ್ಸಸ್‌ನಲ್ಲಿ ಕೇಸು ಬಿದ್ದರೆ, ಯಂತ್ರ ಸರಿ ಎಂದದ್ದನ್ನು ಪ್ರಾಮಾಣಿಕವಾಗಿ ನಂಬಿದೆವು ಎಂಬ ವಾದಕ್ಕೆ ಕಾನೂನಿನಲ್ಲೇ ಜಾಗವಿದೆ.

ನಂಬಿಕೆ: ಸ್ಕ್ಯಾನರಿಗೆ ಕಾಣುವುದು ಹುಟ್ಟಿದ ದಿನಾಂಕ ಮಾತ್ರ.

ಸತ್ಯ: ಪಿಡಿಎಫ್417 ಎಂಬ ಆ ಬಾರ್‌ಕೋಡ್‌ನಲ್ಲಿ ಹೆಸರು, ಮನೆ ವಿಳಾಸ, ಎತ್ತರ, ಕಣ್ಣಿನ ಬಣ್ಣ, ಲೈಸೆನ್ಸ್ ಸಂಖ್ಯೆ, ಅವಧಿ ಮುಗಿಯುವ ದಿನ ಎಲ್ಲವೂ ಇವೆ. ಬೀಗವಿಲ್ಲ, ಫೋನಿನ ಸಾಧಾರಣ ಆ್ಯಪ್ ಕೂಡ ಓದಬಲ್ಲದು. ವೀಸಾ ಮೇಲಿರುವ ನಮ್ಮವರಿಗೆ ಇನ್ನೊಂದು ತೊಡಕು. ರಿಯಲ್ ಐಡಿ ಕಾಯ್ದೆಯಡಿ ಅವರಿಗೆ ಸಿಗುವ ಲೈಸೆನ್ಸ್ ವಾಸದ ಅನುಮತಿ ಇರುವಷ್ಟು ದಿನ ಮಾತ್ರ. ಹಾಗಾಗಿ ಆ ಕೊನೆಯ ದಿನಾಂಕ ನೋಡಿದರೆ ಅನುಮತಿ ಎಲ್ಲಿಯವರೆಗೆ ಎಂಬುದೂ ಅಂದಾಜಾಗುತ್ತದೆ.

ನಂಬಿಕೆ: ಈ ಮಾಹಿತಿಗೆ ದೇಶಕ್ಕೆಲ್ಲ ಒಂದೇ ಕಾನೂನಿನ ಕಾವಲಿದೆ.

ಸತ್ಯ: ಚಾಲಕರ ಖಾಸಗಿತನ ಕಾಯಲೆಂದು 1994ರಲ್ಲಿ ಫೆಡರಲ್ ಕಾಯ್ದೆಯೊಂದು ಬಂತು, ನಿಜ. ಆದರೆ ಅದರ ಗುರಿ ಮುಖ್ಯವಾಗಿ ಲೈಸೆನ್ಸ್ ಕೊಡುವ ಇಲಾಖೆಗಳು. ಅಂಗಡಿ ಏನು ಮಾಡಬಹುದೆಂಬುದು ರಾಜ್ಯಕ್ಕೊಂದು ತೆರ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಸು ಅಥವಾ ಕಾರ್ಡಿನ ಅಸಲಿತನ ಪರೀಕ್ಷೆಯಂಥ ಕೆಲವೇ ಕಾರಣಗಳಿಗೆ ಸ್ಕ್ಯಾನ್ ಮಾಡಬಹುದು. ಸಿಕ್ಕಿದ್ದನ್ನು ಬೇರೆ ಉದ್ದೇಶಕ್ಕೆ ಇಟ್ಟುಕೊಳ್ಳುವಂತಿಲ್ಲ. ನ್ಯೂ ಜೆರ್ಸಿ 2017ರ ಕಾಯ್ದೆಯಲ್ಲಿ ಚಿಲ್ಲರೆ ಅಂಗಡಿಗಳಿಗೆ ಅನುಮತಿಯ ಕಾರಣಗಳನ್ನು ಪಟ್ಟಿ ಮಾಡಿಯೇ ಕೊಟ್ಟಿದೆ. ಇಂಥ ನಿಯಮವೇ ಇಲ್ಲದ ರಾಜ್ಯಗಳಲ್ಲಿ ಭರವಸೆಯೆಂದರೆ ಅಂಗಡಿಯ ಸ್ವಂತ ನೀತಿ.

ನಂಬಿಕೆ: ಆನ್‌ಲೈನ್ ವಯಸ್ಸು ಪರಿಶೀಲನೆಯಲ್ಲಿ ಕಾರ್ಡಿನ ಫೋಟೊ ಕೂಡಲೇ ಅಳಿಸಿಹೋಗುತ್ತದೆ.

ಸತ್ಯ: ಅಶ್ಲೀಲ ಜಾಲತಾಣಗಳಿಗೆ ವಯಸ್ಸಿನ ಪುರಾವೆ ಕೇಳುವ ಕಾನೂನನ್ನು 2023ರ ಜನವರಿಯಲ್ಲಿ ಮೊದಲು ಜಾರಿಗೆ ತಂದದ್ದು ಲೂಸಿಯಾನಾ. ಇಂಥದೇ ಟೆಕ್ಸಸ್ ಕಾನೂನನ್ನು ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ 6–3ರ ಬಹುಮತದಿಂದ ಎತ್ತಿಹಿಡಿಯಿತು. ಗುರುತಿನ ಮಾಹಿತಿ ಉಳಿಸಿಕೊಳ್ಳಬಾರದೆಂದು ಆ ಟೆಕ್ಸಸ್ ಕಾನೂನೂ ಹೇಳುತ್ತದೆ. ಆದರೆ ನಿಷೇಧವಿದ್ದ ಮಾತ್ರಕ್ಕೆ ಅಳಿಸಿಯೇ ಬಿಟ್ಟರು ಎನ್ನಲಾಗದು. ಎಲ್ಲ ತಾಣಗಳಿಗೂ ಆ ನಿಷೇಧ ಅನ್ವಯಿಸುವುದೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಚಾಟ್ ತಾಣ ಡಿಸ್ಕಾರ್ಡ್ ತಾನೇ ಹೇಳಿಕೊಂಡಂತೆ, ವಯಸ್ಸಿನ ತಕರಾರು ಬಗೆಹರಿಸಲು ಬಳಕೆದಾರರು ಕೊಟ್ಟಿದ್ದ ಗುರುತಿನ ಚೀಟಿಗಳ ಫೋಟೊಗಳು ಹೊರಗುತ್ತಿಗೆ ಸಂಸ್ಥೆಯೊಂದರ ಮೂಲಕ ಸೋರಿದ್ದವು. ಸುಮಾರು 70,000 ಮಂದಿಗೆ ಇದರ ಬಿಸಿ ತಟ್ಟಿರಬಹುದು ಎಂದಿತು ಕಂಪನಿ.

ನಂಬಿಕೆ: ವಯಸ್ಸು ಸಾಬೀತಾಗಬೇಕಾದರೆ ಜಾತಕವನ್ನೆಲ್ಲ ಬಿಚ್ಚಲೇಬೇಕು.

ಸತ್ಯ: ಬೇಕಿಲ್ಲ. ಕೆಲವು ರಾಜ್ಯಗಳು ಕೊಡುತ್ತಿರುವ ಮೊಬೈಲ್ ಲೈಸೆನ್ಸ್‌ನ ಅಂತರರಾಷ್ಟ್ರೀಯ ಮಾನದಂಡದಲ್ಲಿ ‘21 ದಾಟಿದೆಯೇ?’ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸುವ ಸೌಲಭ್ಯವಿದೆ. ಅದು ಎಲ್ಲೆಡೆ ಬರುವವರೆಗೆ, ಕಾರ್ಡ್ ಕೈಬಿಡುವ ಮುನ್ನ ‘ನೋಡಿದರೆ ಸಾಲದೇ? ಸ್ಕ್ಯಾನ್ ಮಾಡಿದ್ದನ್ನು ಉಳಿಸಿಕೊಳ್ಳುತ್ತೀರಾ?’ ಎಂದು ಕೇಳಬಹುದು. ಅಂಗಡಿ ಮಾರಾಟವನ್ನೇ ನಿರಾಕರಿಸಲೂಬಹುದು. ಆಗ ಮುಂದಿನ ಅಂಗಡಿಗೆ ಹೋಗುವ ಆಯ್ಕೆ ಗಿರಾಕಿಯದು.