ಯಾವ ತಿಂಗಳು ಬರುತ್ತೀರಿ?

ಬೆಂಗಳೂರಿನಿಂದಲೋ ಮುಂಬೈಯಿಂದಲೋ ನೆಂಟರು ಬರುತ್ತೇವೆಂದು ಫೋನ್ ಮಾಡಿದಾಗಲೆಲ್ಲ ಎರಡು ಪ್ರಶ್ನೆ ಖಾಯಂ. ಏಕತಾ ಪ್ರತಿಮೆ ನೋಡಲು ಒಂದು ದಿನ ಸಾಕಾ? ಅಲ್ಲಿ ಎಲ್ಲದಕ್ಕೂ ಸಕ್ಕರೆ ಹಾಕುತ್ತಾರಂತಲ್ಲ, ಊಟಕ್ಕೇನು ಮಾಡೋದು? ಮೊದಲನೆಯದಕ್ಕೆ ಸಾಕು ಎಂದು ಹೇಳಿಬಿಡುತ್ತೇನೆ. ಎರಡನೆಯದಕ್ಕೆ ಉತ್ತರ ಕೊಡುವಷ್ಟು ತಿಳಿಯಲು ನನಗೇ ಆರು ವರ್ಷ ಹಿಡಿಯಿತು.

ನಾನಿರುವುದು ಚಾಂದ್‌ಖೇಡಾದಲ್ಲಿ. ಅಹಮದಾಬಾದಿನ ಉತ್ತರದ ಅಂಚು. ಮೊಟೇರಾ ಸ್ಟೇಡಿಯಂ ದಾಟಿ ಗಾಂಧಿನಗರದ ಕಡೆ ಹೊರಟರೆ ಸಿಗುವ ಬಡಾವಣೆ. ಒಎನ್‌ಜಿಸಿ ಇರುವುದರಿಂದ ಹೊರರಾಜ್ಯದವರಿಗೆ ಇಲ್ಲಿ ಬರವಿಲ್ಲ. ಬಂದ ಹೊಸದರಲ್ಲಿ ಎರಡು ಸಲ ಗುಜರಾತಿ ಥಾಲಿ ಉಂಡೆ. ಬೇಳೆಯಲ್ಲಿ ಬೆಲ್ಲ, ಕಢಿಯಲ್ಲಿ ಸಕ್ಕರೆ. ಇದು ನಮಗಾಗದ ಊಟ ಎಂದು ತೀರ್ಮಾನಿಸಿ, ಊರಿನಿಂದ ತಂದ ಖಾರಪುಡಿಯಲ್ಲಿ ಸಾರು ಮಾಡಿಕೊಂಡು ಸುಮ್ಮನಾದೆ.

ಆ ತೀರ್ಮಾನ ಅಲುಗಿದ್ದು ಅವ್ವ ಬಂದ ಮೇಲೆ. ಅಪ್ಪ ತೀರಿಕೊಂಡ ವರ್ಷ, ಗದಗ ಜಿಲ್ಲೆಯ ನಮ್ಮ ಹಳ್ಳಿಯ ಮನೆಗೆ ಕೀಲಿ ಹಾಕಿ ಕರೆದುಕೊಂಡು ಬಂದೆ. ಬಂದವಳಿಗೆ ಊಟ ಸೇರಲಿಲ್ಲ. ಊರು ತೋರಿಸಲು ಕರೆದೊಯ್ದಾಗ ಹೋಟೆಲಿನ ಬೇಳೆ ಬಾಯಿಗಿಟ್ಟು, "ಬ್ಯಾಳ್ಯಾಗ ಬೆಲ್ಲಾ ಹಾಕಿದ್ರ ಹೋಳಿಗಿ ಮಾಡಬೇಕಪಾ, ಅನ್ನಕ್ಕ ಕಲಸೂದಲ್ಲ" ಅಂದಳು. ಮನೆಯಲ್ಲೂ ಅರ್ಧ ಚಪಾತಿಗೆ ಏಳುತ್ತಿದ್ದಳು. ಎರಡು ತಿಂಗಳಲ್ಲಿ ಸೊರಗಿಹೋದಳು. "ನನ್ನ ಊರಿಗಿ ಕಳಸಿಬಿಡು" ಎಂಬ ಮಾತು ದಿನಕ್ಕೊಮ್ಮೆ ಬರತೊಡಗಿತು. ಕಳಿಸಿದರೆ ಅಲ್ಲಿ ಯಾರಿದ್ದಾರೆ?

ಒಂದು ಸಂಜೆ ಪಕ್ಕದ ಮನೆಯ ಮೆಹ್ಸಾಣಾ ಕಡೆಯ ಹೆಂಗಸು ಬಟ್ಟಲಲ್ಲಿ ಹಬೆಯಾಡುವ ಬಿಳಿ ಹಿಟ್ಟು ತಂದುಕೊಟ್ಟರು. ಮೇಲೆ ಹಸಿ ಎಣ್ಣೆ, ಒಂದಿಷ್ಟು ಕೆಂಪು ಮಸಾಲೆಪುಡಿ. ಅವ್ವ ಒಂದು ಚಮಚ ತಿಂದು ನನ್ನ ಮುಖ ನೋಡಿದಳು. "ಇದು ಸಂಡಿಗಿ ಹಿಟ್ಟಲ್ಲೇನೋ!" ಬಟ್ಟಲು ಖಾಲಿಯಾಯಿತು.

ಅದು ಖೀಚು. ಕುದಿಯುವ ನೀರಿಗೆ ಜೀರಿಗೆ, ಹಸಿಮೆಣಸಿನಕಾಯಿ, ಹಪ್ಪಳಖಾರ ಹಾಕಿ, ಅಕ್ಕಿಹಿಟ್ಟು ಸುರಿದು ತಿರುವಿ, ಹಬೆಯಲ್ಲಿ ಬೇಯಿಸುತ್ತಾರೆ. ಹಪ್ಪಳಕ್ಕೆಂದು ಮಾಡಿದ ಹಿಟ್ಟನ್ನೇ ತಿನ್ನುವ ರೂಢಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಡುವಾಗ ನಾವು ಮಕ್ಕಳು ಕದ್ದು ತಿನ್ನುತ್ತಿದ್ದದ್ದೂ ಇದನ್ನೇ. ಇಲ್ಲಿ ಸಂಜೆಯಾದರೆ ಗಾಡಿಗಳಲ್ಲಿ ಮಾರುತ್ತಾರೆ. ಆರು ವರ್ಷ ಆ ಗಾಡಿಗಳ ಮುಂದೆಯೇ ಓಡಾಡಿದ್ದೆ, ಒಮ್ಮೆಯೂ ನಿಂತಿರಲಿಲ್ಲ.

ಆಮೇಲೆ ಅವ್ವನಿಗೆ ಏನು ಸೇರೀತು ಎಂದು ಹುಡುಕಿಕೊಂಡು ಊರು ತಿರುಗಿದೆವು. ಗುಜರಾತಿನ ತಿನಿಸಿಗೆ ಒಂದು ಹೊತ್ತಿದೆ, ಒಂದು ತಿಂಗಳಿದೆ, ಒಂದು ಊರಿದೆ ಎಂಬುದು ಆಗ ತಿಳಿಯಿತು. ಹೊತ್ತು ತಪ್ಪಿ ಹೋದವನಿಗೆ ಸಿಗುವುದು ಆ ಸಿಹಿ ಥಾಲಿಯೊಂದೇ.

ಅಹಮದಾಬಾದಿನ ಬೆಳಗು ಫಾಫಡಾದ್ದು. ಕಡಲೆಹಿಟ್ಟಿನ ಉದ್ದನೆಯ ಗರಿಗರಿ ಪಟ್ಟಿ, ಜೊತೆಗೆ ಹಸಿ ಪಪ್ಪಾಯಿಯ ಸಂಭಾರೊ, ಹುರಿದ ಹಸಿಮೆಣಸಿನಕಾಯಿ, ಪಕ್ಕದಲ್ಲಿ ಬಿಸಿ ಜಿಲೇಬಿ. ಖಾರ ಒಂದು ತುತ್ತು, ಸಿಹಿ ಒಂದು ತುತ್ತು. ದಸರೆಯ ದಿನ ಇಡೀ ಊರು ಇದಕ್ಕಾಗಿ ಸಾಲುಗಟ್ಟುತ್ತದೆ. ಒಂಬತ್ತು ಗಂಟೆಯೊಳಗೆ ಹೋಗಿ. ತಣ್ಣಗಾದ ಫಾಫಡಾ ತಿಂದು ಬೈಯಬೇಡಿ.

ಖಮಣ್ ಮತ್ತು ಢೋಕ್ಲಾ ಒಂದೇ ಎಂದುಕೊಂಡವರಲ್ಲಿ ನಾನೂ ಒಬ್ಬ. ನಮ್ಮೂರುಗಳಲ್ಲಿ ಢೋಕ್ಲಾ ಎಂದು ಮಾರುವ ಹಳದಿ, ಮೆತ್ತನೆಯ, ಸಿಹಿನೀರು ಹೀರಿದ ತುಂಡು ನಿಜಕ್ಕೂ ಖಮಣ್. ಕಡಲೆಬೇಳೆ ಅಥವಾ ಕಡಲೆಹಿಟ್ಟಿನದು. ಢೋಕ್ಲಾ ಬೇರೆ. ಅಕ್ಕಿ, ಬೇಳೆ ನೆನೆಸಿ, ರುಬ್ಬಿ, ಹುಳಿ ಬರಿಸಿ, ತಟ್ಟೆಯಲ್ಲಿ ಹಬೆಗಿಡುವ ಬಿಳಿಯ ತಿನಿಸು. ಅವ್ವ ಅದನ್ನು "ತಟ್ಟಿ ಇಡ್ಲಿ" ಎಂದೇ ಕರೆದಳು, ನಾನೂ ತಿದ್ದಲು ಹೋಗಲಿಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ ಹೆಸರು ಬರುವ ಭಾಷೆಯವರು ನಾವು. ಹಬೆಯ ತಿಂಡಿ ನಮಗೆ ಹೊಸದಲ್ಲ.

ಮಧ್ಯಾಹ್ನಕ್ಕೆ ಖಾರ ಬೇಕಿದ್ದರೆ ಕಾಠಿಯಾವಾಡಿ ಎಂಬ ಬೋರ್ಡ್ ಹುಡುಕಿ. ಕಾಠಿಯಾವಾಡ ಎಂದರೆ ಸೌರಾಷ್ಟ್ರ. ಅಲ್ಲಿನ ಊಟದಲ್ಲಿ ಬೆಳ್ಳುಳ್ಳಿ, ಕೆಂಪು ಖಾರ ಜೋರು. ಸಜ್ಜೆಯ ರೋಟ್ಲೊ, ಸುಟ್ಟ ಬದನೆಕಾಯಿಯ ಓಳೊ, ಬೆಳ್ಳುಳ್ಳಿ ಖಾರದ ಲಸಣಿಯಾ ಬಟಾಟಾ, ಸೇವ್ ಟಮೇಟಾ, ಮೇಲೆ ಲೋಟ ತುಂಬ ಛಾಸ್, ಅಂದರೆ ಮಜ್ಜಿಗೆ. ಉತ್ತರ ಕರ್ನಾಟಕದವರಿಗೆ ಇದರಲ್ಲಿ ಅಪರಿಚಿತವಾದದ್ದು ಹೆಸರುಗಳು ಮಾತ್ರ. ಅವ್ವ ರೋಟ್ಲೊ ಮುರಿದು ನೋಡಿ, "ದಪ್ಪ ಬಡದಾರ, ಕೈ ಪಳಗಿಲ್ಲ" ಎಂದು ತಪ್ಪು ಹುಡುಕಿದಳು. ನನಗೆ ಸಮಾಧಾನವಾಯಿತು. ಊಟದಲ್ಲಿ ತಪ್ಪು ಹುಡುಕುವವರು ಉಣ್ಣುತ್ತಿದ್ದಾರೆ ಎಂದೇ ಅರ್ಥ.

ಮಳೆಗಾಲದಲ್ಲಿ ಬಂದರೆ ದಾಳ್‌ವಡಾ ಬಿಡಬೇಡಿ. ಸಿಪ್ಪೆಯ ಹೆಸರುಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ ಕರಿದದ್ದು. ಜೊತೆಗೆ ಚಟ್ನಿ ಇಲ್ಲ, ಹೆಚ್ಚಿದ ಈರುಳ್ಳಿ ಮತ್ತು ಉಪ್ಪು ಸವರಿದ ಕರಿದ ಮೆಣಸಿನಕಾಯಿ. ಮಳೆ ಹನಿಯಿತೆಂದರೆ ಅಂಗಡಿಗಳ ಮುಂದೆ ಸ್ಕೂಟರುಗಳ ಗುಂಪು.

ರಾತ್ರಿ ಮಾಣೇಕ್ ಚೌಕ್. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಳೇ ಅಹಮದಾಬಾದಿನ ನಡುವೆ ಈ ಚೌಕವಿದೆ. ಹಗಲು ಚಿನ್ನಬೆಳ್ಳಿಯ ವ್ಯಾಪಾರ. ಅಂಗಡಿಗಳ ಶಟರ್ ಇಳಿದ ಮೇಲೆ ಅದೇ ಜಾಗದಲ್ಲಿ ತಿಂಡಿಯ ಮೇಜುಗಳು ಏಳುತ್ತವೆ. ಒಂಬತ್ತರ ಮೊದಲು ಹೋದರೆ ಏನೂ ಇರುವುದಿಲ್ಲ. ಅಲ್ಲಿ ಬೆಣ್ಣೆಯಲ್ಲಿ ಮುಳುಗಿದ ಚೀಸ್ ದೋಸೆ ಕಂಡು ಕನ್ನಡಿಗರು ಮುಖ ಸಿಂಡರಿಸುವುದುಂಟು. ಅದನ್ನು ದೋಸೆ ಎಂದುಕೊಳ್ಳದೆ ತಿನ್ನಿ, ಚೆನ್ನಾಗಿರುತ್ತದೆ.

ಅಲ್ಲಿಂದ ನೂರಹತ್ತು ಕಿಲೋಮೀಟರು ದಕ್ಷಿಣಕ್ಕೆ ವಡೋದರಾ. ಅದು ಮರಾಠಿ ಮನೆತನ ಗಾಯಕವಾಡರ ಊರು. ಮೂರನೇ ಸಯಾಜಿರಾವ್ ಗಾಯಕವಾಡರು 1875ರಿಂದ 1939ರವರೆಗೆ ಆಳಿದರು. ಊರಿನ ಹೆಸರಾಂತ ತಿನಿಸು ಸೇವ್ ಉಸಳ್: ಒಣ ಬಟಾಣಿಯ ಖಾರದ ರಸ, ಮೇಲೆ ಸೇವು, ಈರುಳ್ಳಿ, ಜೊತೆಗೆ ಪಾವ್. ಬೆಳಗಾವಿಯಲ್ಲಿ ಮಿಸಳ್ ತಿಂದವರಿಗೆ ಮೊದಲ ತುತ್ತಿಗೇ ನಂಟು ಗೊತ್ತಾಗುತ್ತದೆ. ಒಯ್ಯಲು ಲೀಲೊ ಚೇವ್ಡೊ ಕಟ್ಟಿಸಿಕೊಳ್ಳಿ. ತುರಿದು ಕರಿದ ಆಲೂಗಡ್ಡೆ, ಕಡಲೆಬೇಳೆಯ ಹಸಿರು ಚೂಡಾ. ತುಸು ಮೆತ್ತಗೆ, ತುಸು ಸಿಹಿ.

ಇನ್ನು ಸೂರತ್. "ಸುರತ್ ನು ಜಮಣ್, ಅನೆ ಕಾಶೀ ನು ಮರಣ್" ಎಂದು ಗಾದೆ: ಉಂಡರೆ ಸೂರತ್ತಿನಲ್ಲಿ, ಸತ್ತರೆ ಕಾಶಿಯಲ್ಲಿ. ಅಹಮದಾಬಾದಿನಿಂದ ರೈಲಿನಲ್ಲಿ ಮೂರು-ನಾಲ್ಕು ಗಂಟೆ. ಬೆಳಗಿಗೆ ಲೋಚೊ. ಗುಜರಾತಿಯಲ್ಲಿ ಲೋಚೊ ಎಂದರೆ ಎಡವಟ್ಟು. ಖಮಣ್ ಹಿಟ್ಟು ಹದ ತಪ್ಪಿ ಹುಟ್ಟಿದ್ದು ಎನ್ನುತ್ತಾರೆ. ಗಟ್ಟಿಯಾಗದ ಮುದ್ದೆಯಂಥ ಖಮಣ್ ಮೇಲೆ ಎಣ್ಣೆ, ಸೇವು, ಈರುಳ್ಳಿ, ಹಸಿರು ಚಟ್ನಿ. ನಮ್ಮ ಶೀಗೆ ಹುಣ್ಣಿಮೆಯ ಮರುದಿನ ಇವರಿಗೆ ಚಾಂದೀ ಪಡವೊ. ಅಂದು ಖೋವಾ, ತುಪ್ಪ, ಬಾದಾಮಿ-ಪಿಸ್ತಾದ ಘಾರಿ ತಿನ್ನುವ ಸಂಭ್ರಮ.

ಆದರೆ ಸೂರತ್ತಿಗೆ ಹೋಗಬೇಕಾದದ್ದು ಚಳಿಗಾಲದಲ್ಲಿ. ಉಂಧಿಯುಂ ಆಗಲೇ. ಮಡಕೆಯನ್ನು ಬೋರಲು ಹಾಕಿ ಬೇಯಿಸುತ್ತಿದ್ದರಿಂದ, ತಲೆಕೆಳಗು ಎಂಬ ಅರ್ಥದ ಉಂಧು ಎಂಬ ಮಾತಿನಿಂದ ಆ ಹೆಸರು. ಎಳೆ ಪಾಪ್ಡಿ ಅವರೆ, ನೇರಳೆ ಗೆಣಸು, ಪುಟ್ಟ ಬದನೆ, ಮೆಂತ್ಯಸೊಪ್ಪಿನ ಮುಠಿಯಾ, ಹಸಿ ಬೆಳ್ಳುಳ್ಳಿ ಎಲ್ಲ ಒಂದೇ ಪಾತ್ರೆಯಲ್ಲಿ. ಬೆಂಗಳೂರಿನಲ್ಲಿ ಸೊಗಡವರೆಗೆ ಕಾಯುವವರಿಗೆ ಇದರ ಕಾತರ ಬಿಡಿಸಿ ಹೇಳಬೇಕಿಲ್ಲ. ಜನವರಿ 14ರ ಉತ್ತರಾಯಣದಂದು ಅಹಮದಾಬಾದಿನಲ್ಲೂ ಗಾಳಿಪಟದ ನಡುವೆ ಮಾಳಿಗೆಗಳ ಮೇಲೆ ಉಂಧಿಯುಂ-ಜಿಲೇಬಿಯೇ ಊಟ. ನಾವು ಎಳ್ಳುಬೆಲ್ಲ ಬೀರಿ, ಅವರ ಉಂಧಿಯುಂ ಪಡೆಯುತ್ತೇವೆ.

ಆ ಚಳಿಗಾಲದಲ್ಲೇ ಅವ್ವನನ್ನು ಸೂರತ್ತಿಗೆ ಕರೆದೊಯ್ದದ್ದು ಪೋಂಕ್‌ಗಾಗಿ. ಪೋಂಕ್ ಎಂದರೇನೆಂದು ಅವಳಿಗೆ ಹೇಳಿರಲಿಲ್ಲ. ಅಡಾಜಣದಲ್ಲಿ ಪೋಂಕ್ ಮಳಿಗೆಗಳು ಸಾಲಾಗಿ ಕೂತಿದ್ದವು. ಹಸಿರು ಕಾಳಿನ ರಾಶಿ. ಎಳೆ ಜೋಳದ ತೆನೆಯನ್ನು ಬೆಂಕಿಯಲ್ಲಿ ಸುಟ್ಟು, ಬಡಿದು ಬಿಡಿಸಿದ ಕಾಳು. ನಿಂಬೆ-ಮೆಣಸಿನ ಸೇವು ಬೆರೆಸಿ ಕೊಡುತ್ತಾರೆ, ಜೊತೆಗೆ ಸಕ್ಕರೆ ಕಾಳು, ಛಾಸ್. ಉಳಿದದ್ದರಲ್ಲಿ ವಡೆ.

ಅವ್ವ ಸೇವು ಬೇಡವೆಂದಳು. ಬರೀ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ತಿಕ್ಕಿ, ಊದಿ, ಬಾಯಿಗೆ ಹಾಕಿಕೊಂಡಳು. ನಮ್ಮ ಕಡೆಯ ಸೀತನಿ. ಹಿಂಗಾರಿ ಜೋಳ ಹಾಲುಗಾಳಾದಾಗ ಹೊಲದಲ್ಲೇ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ, ಬೆಲ್ಲ, ಕೊಬ್ಬರಿ, ಶೇಂಗಾ ಚಟ್ನಿ ಜೊತೆ ತಿನ್ನುವುದು. ಅಪ್ಪ ಇದ್ದಷ್ಟು ವರ್ಷ ಸೀತನಿ ಸುಡುವುದು ಅವನದೇ ಕೆಲಸ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಇವರ ಹೊಲಾ ಎಲ್ಲ್ಯದಾವ?"

ರೈಲಿನಲ್ಲಿ ಬರುವಾಗ ಅರ್ಧ ಕಿಲೋ ಪೋಂಕ್ ಅವಳ ತೊಡೆಯ ಮೇಲಿತ್ತು. ಮರುದಿನ ಖೀಚು ಬಂದಿದ್ದ ಬಟ್ಟಲಿನಲ್ಲೇ ಸೀತನಿ ತುಂಬಿ, ಶೇಂಗಾ ಚಟ್ನಿ ಹಾಕಿ ಪಕ್ಕದ ಮನೆಗೆ ಕೊಟ್ಟುಬಂದಳು. ಊರಿಗೆ ಹೋಗುವ ಮಾತು ನಿಂತಿಲ್ಲ. ವರ್ಷಕ್ಕೊಮ್ಮೆ ಹೋಗಿ ಮನೆ ಬಾಗಿಲು ತೆಗೆದು, ಕಸ ಹೊಡೆದು ಬರುತ್ತಾಳೆ. ಚಳಿ ಬೀಳುವ ಮೊದಲೇ ತಿರುಗಿ ಬರುತ್ತಾಳೆ.

ಹಾಗಾಗಿ, ಊಟಕ್ಕೇನು ಮಾಡೋದು ಎಂದು ನೆಂಟರು ಕೇಳಿದರೆ ಈಗ ನಾನು ತಿರುಗಿ ಕೇಳುವುದು ಒಂದೇ: ಯಾವ ತಿಂಗಳು ಬರುತ್ತೀರಿ?