ಚಡಾವಿನಲ್ಲಿ ಮತ್ತೆ ಹಿಡಿಯುವ ಮೀನಖಂಡ

ಮಲೆನಾಡಿನ ಕಳಸದಲ್ಲಿ ನಡೆಯುವುದೆಂದರೆ ಹತ್ತುವುದು, ಇಲ್ಲವೇ ಇಳಿಯುವುದು. ಕಳಸೇಶ್ವರನ ದರ್ಶನಕ್ಕೆ ಮೆಟ್ಟಿಲು, ಕಾಫಿ ತೋಟಕ್ಕೆ ಚಡಾವು, ಲೈನ್ ಮನೆಯಿಂದ ಕಣಕ್ಕೆ ಇನ್ನೊಂದು ಏರು. ಹಾಗಾಗಿ ಕಾಲಿನ ರಕ್ತನಾಳ ಕಿರಿದಾದವರಿಗೆ ಇಲ್ಲಿ ಸುಳಿವು ಬೇಗ ಸಿಗುತ್ತದೆ. ಏರಿನಲ್ಲಿ ಮೀನಖಂಡಕ್ಕೆ ಹೆಚ್ಚು ರಕ್ತ ಬೇಕು. ಅದು ಸಾಲದಾದಾಗ ಸ್ನಾಯು ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ನಿಂತರೆ ಬಿಡುತ್ತದೆ, ಅಷ್ಟೇ ದೂರ ಹೋದರೆ ಮತ್ತೆ ಹಿಡಿಯುತ್ತದೆ.

ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದರ ಹಿಂದಿರುವ ಮುಖ್ಯ ಕಾರಣಗಳು. ಕಟ್ಟಿಕೊಂಡ ಭಾಗ ಉದ್ದವಾಗಿದ್ದರೆ ಬೈಪಾಸ್ ಮಾಡುತ್ತಾರೆ, ಅಂದರೆ ಅದನ್ನು ಬಳಸಿ ರಕ್ತ ಹರಿಯಲು ಇನ್ನೊಂದು ನಾಳ ಜೋಡಿಸುತ್ತಾರೆ. 1948ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜೀನ್ ಕುನ್ಲಿನ್ ರೋಗಿಯದೇ ಕಾಲಿನ ಅಭಿಧಮನಿಯನ್ನು ತೆಗೆದು, ಒಳಗಿನ ಕವಾಟಗಳು ರಕ್ತಕ್ಕೆ ಅಡ್ಡಬರದಂತೆ ತಿರುಗಿಸಿ ಜೋಡಿಸಿದರು. ಇಂದಿಗೂ ಇದೇ ಉತ್ತಮ ಆಯ್ಕೆ. ಅಭಿಧಮನಿ ಸಿಗದಿದ್ದರೆ ಕೃತಕ ನಾಳ ಹಾಕುತ್ತಾರೆ.

ಆಪರೇಷನ್ ಆದಮೇಲೆ ಸರಾಗವಾಗಿ ಹತ್ತುತ್ತಿದ್ದವರಿಗೆ ಕೆಲವು ತಿಂಗಳಲ್ಲಿ ಹಳೆಯ ನೋವು ಮರಳಬಹುದು. ಪೈಪಿಗೆ ಕಸ ಕಟ್ಟಿದಂತೆ ಎಂದುಕೊಂಡರೆ ತಪ್ಪು. ಕಡಿಮೆ ಒತ್ತಡಕ್ಕೆ ಒಗ್ಗಿದ್ದ ಅಭಿಧಮನಿ ಅಪಧಮನಿಯ ರಭಸಕ್ಕೆ ಸಿಕ್ಕಾಗ ಅದರ ಒಳಪದರವೇ ದಪ್ಪಗಾಗುತ್ತದೆ. ಹೊಲಿಗೆ ಹಾಕಿದ ತುದಿಗಳಲ್ಲಿ, ಕವಾಟವಿದ್ದ ಜಾಗದಲ್ಲಿ ಇದು ಹೆಚ್ಚು. ಮೊದಲ ಎರಡು ವರ್ಷ ಇದರ ಕಾಲ. ಆಮೇಲೆ ಕಾಲಿನ ನಾಳವನ್ನು ಕಿರಿದಾಗಿಸಿದ ಮೂಲ ಕಾಯಿಲೆಯೇ ಬಂದು ಕೂರುತ್ತದೆ.

ಎಲ್ಲ ಕಾಲುನೋವೂ ಇದಲ್ಲ. ಮಂಡಿ ಸವೆದವರಿಗೆ ಇಳಿಜಾರಿನಲ್ಲೇ ಕಷ್ಟ ಜಾಸ್ತಿ. ಬೆನ್ನುಮೂಳೆಯ ನರ ಒತ್ತಿದ್ದರೆ ಬರೀ ನಿಂತರೆ ಸಾಲದು, ಕೂರಬೇಕು ಅಥವಾ ಬಗ್ಗಬೇಕು. ರಕ್ತ ಸಾಲದ ನೋವು ನಿಂತಲ್ಲೇ ಇಳಿಯುತ್ತದೆ.

ಪರೀಕ್ಷೆ ಸುಲಭ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುತ್ತಾರೆ. ಫಲ 0.9ಕ್ಕಿಂತ ಕೆಳಗಿದ್ದರೆ ನಾಳದ ಕಾಯಿಲೆ. ಬೈಪಾಸ್ ಆದವರಲ್ಲಿ ಹಿಂದಿನ ಅಳತೆಗಿಂತ 0.15ರಷ್ಟು ಇಳಿದಿದ್ದರೆ ಕಸಿ ನಾಳದ ಮೇಲೆ ಅನುಮಾನ. ಸಕ್ಕರೆ ಕಾಯಿಲೆಯಲ್ಲಿ ನಾಳ ಗಡುಸಾಗಿ ಈ ಲೆಕ್ಕ ತಪ್ಪಬಹುದು, ಆಗ ಡಾಪ್ಲರ್ ಸ್ಕ್ಯಾನ್ ಬೇಕು. ಪಾದ ಜೋಮು ಹಿಡಿದವರಿಗೆ, ಹೆಚ್ಚು ನಡೆಯದವರಿಗೆ ನೋವೇ ಕಾಣಿಸದು. ಅಂಥವರ ಕಾಲಿನಲ್ಲಿ ಮಳೆಗಾಲದ ಉಂಬಳ ಕಚ್ಚಿದ ಗಾಯವೂ ವಾರಗಟ್ಟಲೆ ಮಾಯದೆ ಉಳಿಯಬಹುದು. ಆದ್ದರಿಂದ ನೋವಿರಲಿ, ಬಿಡಲಿ, ಬೈಪಾಸ್ ಆದ ಮೊದಲ ವರ್ಷ ಡಾಕ್ಟರು ಹೇಳಿದ ತಿಂಗಳುಗಳಲ್ಲಿ ಸ್ಕ್ಯಾನ್ ತಪ್ಪಿಸಬಾರದು.

ಸ್ಕ್ಯಾನಿನಲ್ಲಿ ಬೇಗ ಗೊತ್ತಾದರೆ ಕಿರಿದಾದ ಕಸಿ ನಾಳವನ್ನು ಬಲೂನಿನಿಂದ ಹಿಗ್ಗಿಸಬಹುದು, ಇಲ್ಲವೇ ಆ ತುಂಡನ್ನಷ್ಟೇ ಸರಿಪಡಿಸಬಹುದು. ಪೂರ್ತಿ ಕಟ್ಟಿಕೊಂಡ ಮೇಲೆ ಕೆಲಸ ಕಠಿಣ, ಫಲವೂ ಕಡಿಮೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಸ್ಪರ್ಶ ತಿಳಿಯದಾದರೆ ಕೈಯಲ್ಲಿರುವುದು ಕೆಲವೇ ಗಂಟೆ. ದೊಡ್ಡ ಆಸ್ಪತ್ರೆಗೆಂದು ಕುದುರೆಮುಖದ ಮೇಲೆ ಕಾರ್ಕಳದ ಕಡೆ ಇಳಿದರೂ, ಕೊಟ್ಟಿಗೆಹಾರದ ದಾರಿ ಹಿಡಿದರೂ ತಿರುವುಗಳ ಹಾದಿಯೇ. ಬೆಳಗಾಗಲಿ ಎಂದು ಕಾಯುವಂತಿಲ್ಲ.

ತಂಬಾಕು ಬಿಡುವುದು, ಆಸ್ಪಿರಿನ್ ಮತ್ತು ಸ್ಟ್ಯಾಟಿನ್ ಮಾತ್ರೆಗಳನ್ನು ಡಾಕ್ಟರು ಹೇಳದೆ ನಿಲ್ಲಿಸದಿರುವುದು ರೋಗಿಯ ಪಾಲಿನ ಕೆಲಸ. ಇನ್ನೊಂದು ಕೆಲಸವೂ ಇದೆ: ದಿನಾ ಹತ್ತುವ ಏರಿನಲ್ಲಿ ಕಾಲು ಎಲ್ಲಿ ಹಿಡಿಯಿತು ಎಂದು ಗುರುತಿಟ್ಟುಕೊಳ್ಳುವುದು. ಹೋದ ತಿಂಗಳು ಮೇಲಿನ ತಿರುವಿನವರೆಗೆ ಹೋದವರು ಈ ತಿಂಗಳು ಗೇಟಿನ ಬಳಿಯೇ ನಿಂತರೆ, ವಯಸ್ಸಾಯಿತು ಎಂದು ಸುಮ್ಮನಾಗದೆ ಆ ವಾರವೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಬೇಕು.